ಆಸ್ಕರ್ ಫಿಸ್ಟರ್: ಪಾಲಕಸೇವೆಯೂ ಮನೋವಿಶ್ಲೇಷಣೆಯೂ

ಮನಶ್ಶಾಸ್ತ್ರವನ್ನು ಆಳವಾಗಿ ಕಲಿತ ಸಭಾಪಾಲಕನು ಕ್ರಮೇಣ ಸುವಾರ್ತೆಯನ್ನು ಕೈಬಿಡುವನೆಂಬ ಶಂಕೆ ನಮ್ಮಲ್ಲಿ ಅನೇಕರಿಗಿದೆ. ಈ ಶಂಕೆಯನ್ನು ಸ್ವಿಟ್ಜರ್ಲೆಂಡಿನ ಪಾಲಕ ಆಸ್ಕರ್ ಫಿಸ್ಟರರ (1873–1956) ಜೀವನದ ಬೆಳಕಿನಲ್ಲಿ ಪರಿಶೀಲಿಸೋಣ.

ಫಿಸ್ಟರರು 1902ರಿಂದ 1939ರವರೆಗೆ ಜೂರಿಕ್ ನಗರದ ಪ್ರೆಡಿಗರ್ ದೇವಾಲಯದ ಪಾಲಕರಾಗಿದ್ದರು. ನೊಂದು ಬಂದವರ ಒಳಗುದಿಗೆ ಅಂದಿನ ದೇವಶಾಸ್ತ್ರವು ಉತ್ತರ ಕೊಡುತ್ತಿಲ್ಲವೆಂಬುದು ಅವರ ಕೊರಗು. ಸಿಗ್ಮಂಡ್ ಫ್ರಾಯ್ಡರ ಬರಹಗಳಲ್ಲಿ ಅವರಿಗೆ ಆತ್ಮಪಾಲನೆಗೆ ಬೇಕಾದ ಉಪಕರಣ ದೊರೆಯಿತು. 1909ರಲ್ಲಿ ಆರಂಭವಾದ ಅವರಿಬ್ಬರ ಪತ್ರವ್ಯವಹಾರವು ಮೂವತ್ತು ವರ್ಷ ನಡೆಯಿತು. ಮನೋವಿಶ್ಲೇಷಣೆಯು ತನ್ನಷ್ಟಕ್ಕೆ ಧರ್ಮದ ಪರವೂ ಅಲ್ಲ, ವಿರೋಧವೂ ಅಲ್ಲ. ನೊಂದವರ ಬಿಡುಗಡೆಗಾಗಿ ಪಾಲಕನೂ ಅದನ್ನು ಬಳಸಬಹುದೆಂದು ನಾಸ್ತಿಕರಾದ ಫ್ರಾಯ್ಡರೇ ಅವರಿಗೆ ಬರೆದರು.

ನಿಜವಾದ ಪರೀಕ್ಷೆ ಬಂದದ್ದು 1927ರಲ್ಲಿ. ಧರ್ಮವು ಮಾನವನ ಬಯಕೆಯಿಂದ ಹುಟ್ಟಿದ ಭ್ರಮೆಯೆಂದು ಫ್ರಾಯ್ಡರು ‘ಒಂದು ಭ್ರಮೆಯ ಭವಿಷ್ಯ’ ಎಂಬ ಗ್ರಂಥದಲ್ಲಿ ವಾದಿಸಿದರು. ಫಿಸ್ಟರರು ಮೌನವಹಿಸಲಿಲ್ಲ, ಸ್ನೇಹವನ್ನೂ ಮುರಿಯಲಿಲ್ಲ. 1928ರಲ್ಲಿ ‘ಒಂದು ಭವಿಷ್ಯದ ಭ್ರಮೆ’ ಎಂಬ ಪ್ರತ್ಯುತ್ತರವನ್ನು ಪ್ರಕಟಿಸಿದರು. ಅದು ಅಚ್ಚಾದದ್ದು ಫ್ರಾಯ್ಡರದೇ ‘ಇಮಾಗೋ’ ಪತ್ರಿಕೆಯಲ್ಲಿ. ಬಯಕೆಯ ಅಂಶವು ಧರ್ಮದಲ್ಲಿ ಬೆರೆತಿರುವುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಯೇಸುವು ಪ್ರೀತಿಯಿಂದಲೇ ನಿಯಮದ ಬಂಧನವನ್ನು ಮುರಿದನೆಂದೂ, ವಿಜ್ಞಾನವೊಂದೇ ಮಾನವನಿಗೆ ಸಾಕೆಂಬುದೂ ಒಂದು ನಂಬಿಕೆಯೇ ಎಂದೂ ತೋರಿಸಿದರು. 1944ರ ‘ಕ್ರೈಸ್ತಧರ್ಮ ಮತ್ತು ಭಯ’ ಎಂಬ ಗ್ರಂಥದಲ್ಲಿ ಅದೇ ಪರೀಕ್ಷೆಯನ್ನು ಸಭೆಯ ಮೇಲೆಯೂ ನಡೆಸಿದರು: ಪ್ರೀತಿಯು ಕುಗ್ಗಿದಲ್ಲಿ ಭಯವು ಬೆಳೆಯುತ್ತದೆ, ಭಯವು ಬೆಳೆದಲ್ಲಿ ಸಿದ್ಧಾಂತವೂ ಆಚರಣೆಯೂ ಕಠೋರವಾಗುತ್ತವೆ. ಇದರ ಹಿಂದೆ 1 ಯೋಹಾನ 4:18ರ ಧ್ವನಿಯನ್ನು ನಾವು ಗುರುತಿಸುತ್ತೇವೆ.

ಫಿಸ್ಟರರ ಉದಾರವಾದಿ ದೇವಶಾಸ್ತ್ರವನ್ನು ನಾವು ಪೂರ್ಣವಾಗಿ ಒಪ್ಪಬೇಕಾಗಿಲ್ಲ. ಅಪರಾಧಭಾವವೆಲ್ಲವೂ ರೋಗವಲ್ಲ, ಕೆಲವು ಅಪರಾಧಗಳಿಗೆ ಚಿಕಿತ್ಸೆಯಲ್ಲ, ಪಶ್ಚಾತ್ತಾಪವೂ ಕ್ಷಮೆಯೂ ಬೇಕು. ಆದರೆ ಕ್ಷಮಿಸಲ್ಪಟ್ಟ ಪಾಪವನ್ನೇ ಮತ್ತೆ ಮತ್ತೆ ಅರಿಕೆಮಾಡುತ್ತಾ ನೆಮ್ಮದಿ ಕಾಣದವನಿಗೆ ಇನ್ನೊಂದು ಬೋಧನೆ ಹೊರೆಯೇ ಆದೀತು. ಇವೆರಡನ್ನು ಬೇರ್ಪಡಿಸಿ ಕಾಣುವ ವಿವೇಚನೆಯೇ ಪಾಲಕನಿಗೆ ಅಗತ್ಯ. ಮನಶ್ಶಾಸ್ತ್ರವನ್ನು ಕಲಿತ ಫಿಸ್ಟರರು ಪೀಠವನ್ನು ಬಿಡಲಿಲ್ಲ. ಪೀಠದಲ್ಲಿದ್ದುಕೊಂಡೇ ನೊಂದವರ ಮಾತನ್ನು ಆಲಿಸಲು ಕಲಿತರು. ನಮ್ಮ ಶಂಕೆಗೆ ಅವರ ಬದುಕು ಕೊಡುವ ಉತ್ತರ ಇದೇ.