ಪೆಟ್ಟಿಗೆಯ ತಳದಲ್ಲಿ ಉಳಿದ ಟಿಪ್ಪುವಿನ ಆನೆ

ಟಿಪ್ಪು ಸುಲ್ತಾನನ ತಾಮ್ರದ ಕಾಸನ್ನು ನೋಡಲು ವಸ್ತು ಸಂಗ್ರಹಾಲಯಕ್ಕೇ ಹೋಗಬೇಕೆಂದಿಲ್ಲ. ಹಳೆ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಅದು ಬಿದ್ದಿರುತ್ತದೆ. ಅದರ ಜೊತೆಯಲ್ಲಿ ಒಡೆಯರ ಕಾಲದ ಮಯಿಲಿ ಕಾಸು, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಆರನೇ ಜಾರ್ಜನ ತೂತಿನ ಕಾಸು, 1960ರ ದಶಕದ ಅಲ್ಯೂಮಿನಿಯಂ ಪೈಸೆ, ಗಲ್ಫ್‌ನಿಂದ ಬಂದ ಮಗನ ಜೇಬಿನಲ್ಲಿ ಉಳಿದ ದಿರ್ಹಮು. ಎಲ್ಲವೂ ಒಂದೇ ಬಿಸ್ಕತ್ತಿನ ಡಬ್ಬದಲ್ಲಿ! ಹಬ್ಬಕ್ಕೆ ಮನೆ ತೊಳೆಯುವಾಗ ಯಾರಾದರೂ ಅವನ್ನು ಹೊರತೆಗೆದು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಮತ್ತೆ ಡಬ್ಬಕ್ಕೆ ಸುರಿಯುತ್ತಾರೆ. ಇನ್ನೂರು ವರ್ಷ ಮಣ್ಣು, ಬೆವರುಗಳಿಂದ ಆಗದ ಹಾನಿ ಆ ಅರ್ಧ ಗಂಟೆಯಲ್ಲಿ ಆಗಿಬಿಡುತ್ತದೆ.

ಹಾನಿ ಎಷ್ಟೆಂದು ತಿಳಿಯಬೇಕಾದರೆ ಆ ನಾಣ್ಯದ ಮೇಲೆ ಏನಿದೆಯೆಂದು ತಿಳಿಯಬೇಕು. ಟಿಪ್ಪುವಿನ ತಾಮ್ರದ ಪೈಸೆ ಸುಮಾರು 11 ಗ್ರಾಂ ತೂಗುತ್ತದೆ. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಹೆಸರು. ಆ ಹೆಸರುಗಳೋ, ಒಂದು ಭೂಪಟವೇ. ಪಟ್ಟಣ ಎಂದರೆ ಶ್ರೀರಂಗಪಟ್ಟಣ. ನಗರ ಎಂದರೆ ಬಿದನೂರು. ಫರ್ರುಖ್‌ಯಾಬ್ ಹಿಸಾರ್ ನಮ್ಮ ಚಿತ್ರದುರ್ಗ, ಖುರ್ಷಿದ್ ಸವಾದ್ ಧಾರವಾಡ, ಫೈಜ್ ಹಿಸಾರ್ ಗುತ್ತಿ, ಖಾಲಿಕಾಬಾದ್ ತಮಿಳುನಾಡಿನ ದಿಂಡಿಗಲ್. ಕಲ್ಲಿಕೋಟೆಯ ಬಳಿ ಆತ ಕಟ್ಟಿಸಿದ ಫರ್ರುಖಿಯ ಹೆಸರು ಫೆರೋಕ್ ಆಗಿ ಇಂದಿಗೂ ಉಳಿದಿದೆ.

ನಾಣ್ಯಗಳಿಗೆ ಆತ ಕೊಟ್ಟ ಹೆಸರುಗಳು ಇನ್ನೂ ಕುತೂಹಲಕರ. ಚಿನ್ನದ ದೊಡ್ಡ ನಾಣ್ಯ ಅಹ್ಮದಿ, ಪ್ರವಾದಿ(ಸ)ಯವರ ಹೆಸರಿನಲ್ಲಿ. ನಂತರದ ಸಿದ್ದೀಖಿ, ಫಾರೂಖಿ ಮೊದಲ ಇಬ್ಬರು ಖಲೀಫರ ಹೆಸರಿನಲ್ಲಿ. ಬೆಳ್ಳಿಗೆ ಬಂದರೆ ಎರಡು ರೂಪಾಯಿಯ ನಾಣ್ಯ ಹೈದರಿ, ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಖಿರಿ, ಅದಕ್ಕೂ ಕೆಳಗೆ ಜಾಫರಿ, ಕಾಝಿಮಿ. ಖಲೀಫರನ್ನೂ ಶಿಯಾ ಇಮಾಮರನ್ನೂ ಒಂದೇ ಥೈಲಿಯಲ್ಲಿ ಸೇರಿಸಿದ ಅರಸರು ಎಷ್ಟು ಮಂದಿ? ತಾಮ್ರಕ್ಕೆ ಆಕಾಶದ ಹೆಸರುಗಳು: ಪೈಸೆ ಝೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆ ಅಖ್ತರ್ ಅಂದರೆ ನಕ್ಷತ್ರ. ಅತ್ತ ತಂದೆ ಹೈದರಲಿಯ ಚಿನ್ನದ ವರಹದ ಒಂದು ಬದಿಯಲ್ಲಿ ಶಿವ ಪಾರ್ವತಿಯರಿದ್ದರೆ ಇನ್ನೊಂದು ಬದಿಯಲ್ಲಿ ಆತನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವಿದೆ.

ಇನ್ನು ವರ್ಷ. ಟಿಪ್ಪು ಮೊದಲು ಹಿಜರಿ ಶಕೆಯನ್ನು ಬಳಸುತ್ತಿದ್ದ. 1787ರ ಸುಮಾರಿಗೆ ಅದನ್ನು ಬಿಟ್ಟು, ಪ್ರವಾದಿ(ಸ)ಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ. ಹಿಜರಿ 1201ರ ನಂತರ ನಾಣ್ಯಗಳಲ್ಲಿ ನೇರವಾಗಿ 1215 ಬರುತ್ತದೆ, ಅದೂ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದು. ಗೊತ್ತಿಲ್ಲದವರು 5121 ಎಂದು ಓದಿ ಬೆಪ್ಪಾಗುತ್ತಾರೆ. ಸರಿಯಾಗಿ ಓದಿಯೂ ಅದನ್ನು ಹಿಜರಿ ಎಂದುಕೊಂಡರೆ ಕ್ರಿ.ಶ. 1800 ಆಗುತ್ತದೆ, ಆದರೆ ಟಿಪ್ಪು ಹುತಾತ್ಮನಾದದ್ದು 1799ರ ಮೇ 4ರಂದು. ಕೊನೆಯ ವರ್ಷಗಳ ಪೈಸೆಗಳಲ್ಲಿ ಅಲಿಫ್, ಬೇ, ತೇ ಎಂಬಂತೆ ವರ್ಷಕ್ಕೊಂದು ಪುಟ್ಟ ಅಕ್ಷರವೂ ಇದೆ. ಟೇಲರ್ 1914ರಲ್ಲಿ, ಹೆಂಡರ್ಸನ್ 1921ರಲ್ಲಿ ಈ ನಾಣ್ಯಗಳ ಬಗ್ಗೆ ಪುಸ್ತಕ ಪ್ರಕಟಿಸಿದ್ದು ಇಂಥ ಅಕ್ಷರ, ಅಂಕಿ, ಆನೆಯ ಮುಖದ ದಿಕ್ಕುಗಳನ್ನು ಒಂದೊಂದಾಗಿ ನೋಡಿ ಹೋಲಿಸಿಯೇ. ಹುಣಸೆಯ ಹುಳಿ ಮೊದಲು ಕರಗಿಸುವುದು ಕಂದು ಪದರವನ್ನು. ಆ ಪದರವೂ ನಾಣ್ಯದ್ದೇ ತಾಮ್ರ, ಒಳಗಿನ ಲೋಹಕ್ಕೆ ಕವಚ. ಬೂದಿಯ ತಿಕ್ಕಾಟಕ್ಕೆ ನಂತರ ಹೋಗುವುದು ಆ ಅಲಿಫ್. ಅದು ಹೋದ ಮೇಲೆ ಉಳಿಯುವುದು ಹೊಳೆಯುವ ಒಂದು ತಾಮ್ರದ ಬಿಲ್ಲೆ. ಕೊಳ್ಳುವವರೂ ತಿಕ್ಕಿದ ನಾಣ್ಯಕ್ಕೆ ಬೆಲೆ ಇಳಿಸುತ್ತಾರೆ.

ಹಿಂದಿನವರಿಗೆ ನಾಣ್ಯ ಜೋಪಾನ ಮಾಡುವ ಜಾಣ್ಮೆ ಇತ್ತು. ಗ್ರಾಮಿನ ಮೂರನೇ ಒಂದು ಭಾಗವಷ್ಟೇ ತೂಗುವ ಚಿನ್ನದ ಹಣಗಳು ಉಗುರಿನ ಸಂದಿಯಲ್ಲೂ ಕಳೆದುಹೋಗುವಂಥವು. ಕೇರಳದಲ್ಲಿ ಅವನ್ನು ಎಣಿಸಲೆಂದೇ ಸಾಲುಸಾಲು ಗುಳಿ ಕೊರೆದ ಮರದ ಹಲಗೆಗಳಿದ್ದವು. ಹಣಗಳನ್ನು ಸುರಿದು ಅಲುಗಾಡಿಸಿದರೆ ಗುಳಿಗೊಂದು ಕೂರುತ್ತಿತ್ತು. ಒಂದಕ್ಕೊಂದು ತಾಗದಂತೆ ಪ್ರತಿ ನಾಣ್ಯಕ್ಕೂ ಅದರದೇ ಜಾಗ ಎಂಬ ಈ ಸೂತ್ರವೇ ಇಂದಿನ ಸಂಗ್ರಹಕಾರನಿಗೂ ಸಾಕು.

ಇದಕ್ಕೆ ದುಬಾರಿ ಆಲ್ಬಂ ಬೇಕಿಲ್ಲ. ಅಸಲಿಗೆ ಅಂಗಡಿಯಲ್ಲಿ ಸಿಗುವ ಮೆತ್ತನೆಯ, ಹೊಸ ರೈನ್‌ಕೋಟಿನಂತೆ ವಾಸನೆ ಬರುವ ಪಿವಿಸಿ ಹಾಳೆಯ ಆಲ್ಬಂಗಳೇ ನಾಣ್ಯದ ಶತ್ರು. ಕೆಲವು ವರ್ಷಗಳಲ್ಲಿ ಅವು ಆಮ್ಲ ಬಿಟ್ಟು ನಾಣ್ಯಕ್ಕೆ ಹಸಿರು ಜಿಗುಟು ಹತ್ತುತ್ತದೆ. ಅದಕ್ಕಿಂತ ಜಿಪ್ ಇರುವ ಪುಟ್ಟ ಪಾಲಿಥೀನ್ ಚೀಲ ಅಗ್ಗ, ಸುರಕ್ಷಿತ ಕೂಡ. ರಟ್ಟಿನ ಚೌಕಟ್ಟು ಬಳಸುವುದಾದರೆ ಸ್ಟೇಪ್ಲರ್ ಪಿನ್ನು ನಾಣ್ಯಕ್ಕೆ ತಾಗದಿರಲಿ, ಪಿನ್ನಿಗೂ ತುಕ್ಕು ಹಿಡಿಯುತ್ತದೆ. ಬೆಳ್ಳಿಯ ರೂಪಾಯಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ. ರಬ್ಬರಿನ ಗಂಧಕದಿಂದ ಅವು ಕಪ್ಪಾಗುತ್ತವೆ. ಸೀಸದ ನಾಣ್ಯಗಳ ಕಥೆ ಬೇರೆ. ಚಂದ್ರವಳ್ಳಿಯಲ್ಲಿ ಸಿಕ್ಕಂಥ ಶಾತವಾಹನ ಕಾಲದ ಸೀಸದ ನಾಣ್ಯ ಯಾರಲ್ಲಾದರೂ ಇದ್ದರೆ ಮರದ ಪೆಟ್ಟಿಗೆಯಿಂದಲೂ ರಟ್ಟಿನಿಂದಲೂ ದೂರವಿಡಬೇಕು, ಅವುಗಳ ಆವಿಗೇ ಸೀಸ ಬಿಳಿ ಪುಡಿಯಾಗುತ್ತದೆ. ಅಂದಹಾಗೆ, ನೆಲ ಅಗೆಯುವಾಗ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ.

ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲವೇ ದೊಡ್ಡ ಪರೀಕ್ಷೆ. ತಾಮ್ರದ ಮೇಲೆ ಗಟ್ಟಿಯಾಗಿ ಅಂಟಿರುವ ಹಸಿರಿಗೆ ಹೆದರಬೇಕಿಲ್ಲ. ಮುಟ್ಟಿದರೆ ಉದುರುವ ತಿಳಿ ಹಸಿರು ಪುಡಿ ಕಂಡರೆ ಮಾತ್ರ ಅದು ಉಪ್ಪಿನಂಶ ಮತ್ತು ತೇವ ಸೇರಿ ಲೋಹವನ್ನು ತಿನ್ನುತ್ತಿರುವ ಗುರುತು. ಅಂಥದನ್ನು ಕೂಡಲೇ ಬೇರ್ಪಡಿಸಿ ಒಣಗಿದ ಜಾಗದಲ್ಲಿಡಬೇಕು. ಬಿಗಿ ಮುಚ್ಚಳದ ಡಬ್ಬ, ಅದರಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಆಯಿತು. ನೀಲಿ ಹರಳು ಗುಲಾಬಿಯಾದರೆ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಬೇಡ. ಮುಟ್ಟುವುದಾದರೆ ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಬೆವರಿನಲ್ಲೂ ಉಪ್ಪಿದೆ.

ಪ್ರತಿ ಚೀಲದ ಜೊತೆ ಒಂದು ಚೀಟಿ ಇರಲಿ: ನಾಣ್ಯ ಯಾರದು, ಯಾವ ಊರಿನಿಂದ ಬಂತು, ಯಾವಾಗ ಕೈಸೇರಿತು. ಧಾರವಾಡದಲ್ಲಿ ಅಚ್ಚಾದ ಆನೆ ಮಂಗಳೂರಿನ ಮನೆಗೆ ಬಂದದ್ದು ಹೇಗೆ ಎಂಬುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಅಜ್ಜಿಗೆ ಮಾತ್ರ ಗೊತ್ತಿರುತ್ತದೆ. ಅವರು ಇರುವಾಗಲೇ ಕೇಳಿ ಬರೆದಿಡಿ. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ.