ವೆಸ್ಟ್ಸ್ ಟೈಗರ್ಸ್, 2022: ಕೋಚ್‌ರನ್ನು ಕೈಬಿಟ್ಟದ್ದು ಸರಿಯೇ?

ಸಿಡ್ನಿಯ ರಗ್ಬಿ ಲೀಗ್ ಕ್ಲಬ್ ವೆಸ್ಟ್ಸ್ ಟೈಗರ್ಸ್ 2022ರ ಜೂನ್‌ನಲ್ಲಿ, ಟೂರ್ನಿಯ ನಡುವೆಯೇ, ಮುಖ್ಯ ಕೋಚ್ ಮೈಕಲ್ ಮಗ್ವಾಯರ್ ಅವರನ್ನು ತೆಗೆದುಹಾಕಿತು. ಅದು ತಪ್ಪು ನಿರ್ಧಾರವೆಂದು ನಾನು ವಾದಿಸುತ್ತೇನೆ. ಮಗ್ವಾಯರ್ 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟರು, ನಿಜ. ಆದರೆ ಬೇರೊಂದು ತಂಡದ ಗೆಲುವನ್ನು ಹಿಂದಿನ ಸೋಲಿಗೆ ಉತ್ತರವಾಗಿ ತೋರಿಸಿದರೆ ವಾದ ನಿಲ್ಲುವುದಿಲ್ಲ.

ಆಡಳಿತ ಮಂಡಳಿಯ ಆತಂಕಕ್ಕೂ ಕಾರಣವಿತ್ತು. ಮಗ್ವಾಯರ್ ಕೈಯಲ್ಲಿ ತಂಡ 2019ರಲ್ಲಿ 9ನೇ, 2020ರಲ್ಲಿ 11ನೇ, 2021ರಲ್ಲಿ 13ನೇ ಸ್ಥಾನಕ್ಕೆ ಇಳಿದಿತ್ತು. ಕೋಚ್ ಬದಲಾದರೂ ಇಳಿತ ನಿಲ್ಲಲಿಲ್ಲ. 2022ರಲ್ಲಿ ಬಂದ 4 ಗೆಲುವುಗಳಲ್ಲಿ 3 ಮಗ್ವಾಯರ್ ಇದ್ದಾಗಲೇ ಬಂದವು. ತಂಡ 16ನೆಯದಾಗಿ, ಕಡೆಯಲ್ಲಿ ಉಳಿಯಿತು. 2023, 2024ರಲ್ಲೂ ಅದೇ ಗತಿ.

ಅಂಕಪಟ್ಟಿಯಲ್ಲಿ ಅದೃಷ್ಟದ ಪಾಲೆಷ್ಟು ಎಂಬುದಕ್ಕೆ 2022ರ ಜುಲೈ 24ರ ಟೌನ್ಸ್‌ವಿಲ್ ಪಂದ್ಯ ನೋಡಬೇಕು. ಒಂದು ಸೆಕೆಂಡ್ ಉಳಿದಿದ್ದಾಗ ಟೈಗರ್ಸ್ 26-25ರಿಂದ ಮುಂದಿತ್ತು. ಕಡೆಯ ಕಿಕ್-ಆಫ್‌ನಲ್ಲಿ ಅಡ್ಡಿಯಾಯಿತೆಂದು ಎದುರಾಳಿ ಕೌಬಾಯ್ಸ್ ಮರುಪರಿಶೀಲನೆ ಕೇಳಿತು, ಪೆನಾಲ್ಟಿ ಸಿಕ್ಕಿತು, ವ್ಯಾಲೆಂಟೈನ್ ಹೋಮ್ಸ್ ಅದನ್ನು ಗೋಲಾಗಿಸಿದರು: 27-26. ತೀರ್ಪು ತಪ್ಪಾಗಿತ್ತೆಂದು ಲೀಗ್ ಆಮೇಲೆ ಒಪ್ಪಿಕೊಂಡಿತು. ಪಟ್ಟಿಯಲ್ಲಿ ಮಾತ್ರ ಅದು ಸೋಲಾಗಿಯೇ ಉಳಿಯಿತು. ಇಂಥ ಪಟ್ಟಿಯೊಂದನ್ನೇ ನೆಚ್ಚಿ ಒಬ್ಬರ ಕೆಲಸ ಕಸಿಯುವುದು ನ್ಯಾಯವಲ್ಲ.

ಡಚ್ ಫುಟ್‌ಬಾಲ್ ಕುರಿತು ಬ್ರೌನ್ಸ್‌ಹೂಫ್ಟ್ ಮತ್ತು ಟೆರ್ ವೀಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಾಗುತ್ತದೆ. ಸತತ ಸೋತ ತಂಡಗಳು ಕೋಚ್‌ರನ್ನು ಬದಲಿಸಿದ ಮೇಲೆ ಚೇತರಿಸಿಕೊಂಡವು. ಬದಲಿಸದೆ ಅಷ್ಟೇ ಸೋತಿದ್ದ ತಂಡಗಳು ಇನ್ನೂ ಬೇಗ ಚೇತರಿಸಿಕೊಂಡವು. ಟೈಗರ್ಸ್ ಆಡುವ ಲೀಗಿನದೇ ಆದ ಪೆನ್ರಿತ್ ಕ್ಲಬ್ 2019ರಲ್ಲಿ 10ನೇ ಸ್ಥಾನಕ್ಕೆ ಕುಸಿದರೂ ಕೋಚ್ ಐವನ್ ಕ್ಲಿಯರಿಯವರನ್ನು ಉಳಿಸಿಕೊಂಡಿತು. 2021ರಿಂದ ಸತತ ನಾಲ್ಕು ಪ್ರಶಸ್ತಿ ಗೆದ್ದಿತು. ಕ್ಲಿಯರಿ ಪೆನ್ರಿತ್‌ಗೆ ಹೋದದ್ದು ಟೈಗರ್ಸ್ ಬಿಟ್ಟು.

ನನ್ನ ವಾದಕ್ಕೆ ವಿರುದ್ಧವಾದ ಗಟ್ಟಿ ಸಾಕ್ಷ್ಯ ಬ್ರಾಂಕೋಸ್‌ನದೇ. 2023ರಲ್ಲಿ ಫೈನಲ್‌ಗೆ ಕರೆದೊಯ್ದಿದ್ದ ಕೋಚ್ ಕೆವಿನ್ ವಾಲ್ಟರ್ಸ್ ಅವರನ್ನು, 2024ರಲ್ಲಿ ತಂಡ 12ನೇ ಸ್ಥಾನಕ್ಕೆ ಇಳಿದೊಡನೆ, ಕ್ಲಬ್ ಕೈಬಿಟ್ಟಿತು, ಮರುವರ್ಷವೇ ಗೆದ್ದಿತು. ಆದರೆ ಪೇನ್ ಹಾಸ್, ರೀಸ್ ವಾಲ್ಶ್‌ರಂಥವರಿದ್ದ, ಫೈನಲ್ ಆಡಿದ ತಂಡ ಅಲ್ಲಿ ಸಿದ್ಧವಿತ್ತು. ಸಂಬಳಕ್ಕೆ ಮಿತಿ ಹಾಕಿರುವ ಲೀಗಿನಲ್ಲಿ ಅಂಥ ತಂಡವನ್ನು ಹೊಸ ಕೋಚ್ ಬಂದೊಡನೆ ಕಟ್ಟಲಾಗದು. ಹಳೆಯ ಒಪ್ಪಂದಗಳು ಮುಗಿಯುವವರೆಗೆ ಕಾಯಲೇಬೇಕು. ಟೈಗರ್ಸ್ ಬಳಿ ತಂಡವೂ ಇರಲಿಲ್ಲ, ಉತ್ತರಾಧಿಕಾರಿಯೂ ಇರಲಿಲ್ಲ. 2005ರ ಪ್ರಶಸ್ತಿ ತಂದಿದ್ದ, 2012ರಲ್ಲಿ ತಾನೇ ಕಳಿಸಿಕೊಟ್ಟಿದ್ದ ಟಿಮ್ ಶೀನ್ಸ್ ಅವರನ್ನು 2023ಕ್ಕೆ ಮತ್ತೆ ಕರೆಸಿಕೊಂಡಿತು.

2024ರಲ್ಲಿ ಕಡೆಯ ಸ್ಥಾನ ಬಂದರೂ ಟೈಗರ್ಸ್ ಶೀನ್ಸ್ ನಂತರದ ಕೋಚ್ ಬೆಂಜಿ ಮಾರ್ಷಲ್ ಅವರನ್ನು ಬಿಡಲಿಲ್ಲ. ಮರುವರ್ಷ ತಂಡ ತಳದಿಂದ ಮೇಲೆ ಬಂತು. ಆದರೆ ಅದೇ ವರ್ಷ ಪೆನ್ರಿತ್‌ನಿಂದ ಆಟಗಾರ ಜರೋಮ್ ಲುವಾಯಿ ಬಂದಿದ್ದರು. ಹಾಗಾಗಿ ಈ ಏರಿಕೆಯನ್ನೂ ಕೋಚ್ ಒಬ್ಬರ ಲೆಕ್ಕಕ್ಕೆ ಬರೆಯಲಾಗದು.