29 ಸೆಕೆಂಡಿನ ವಿಡಿಯೋ, 11 ವರ್ಷದ ಕೇಸು

ಯೂಟ್ಯೂಬ್‌ನಲ್ಲಿ ಕಾಪಿರೈಟ್ ದೂರು ಕೊಡೋದು ದೊಡ್ಡ ಕೆಲಸವೇನಲ್ಲ. ಒಂದು ಫಾರಂ ತುಂಬಿದರೆ ಆಯ್ತು. ಕೇಳಿದ್ದೆಲ್ಲ ಅದರಲ್ಲಿದ್ದರೆ ವಿಡಿಯೋ ಇಳಿಯುತ್ತೆ, ಚಾನೆಲ್ ಮೇಲೆ ಒಂದು ಸ್ಟ್ರೈಕ್ ಬೀಳುತ್ತೆ. 90 ದಿನದೊಳಗೆ ಇಂಥವು ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಆ ದುಡ್ಡಲ್ಲೇ ಮನೆ ಬಾಡಿಗೆ ಕಟ್ಟೋರಿಗೆ ಇದು ಕೆಲಸ ಹೋದ ಹಾಗೇ. ಸರಿ, ದೂರೇ ಸುಳ್ಳಾಗಿದ್ದರೆ? ಸುಳ್ಳು ಹೇಳಿದವನಿಗೆ ಏನಾಗುತ್ತೆ?

ಉತ್ತರ ಬೇಕಂದ್ರೆ 1998ಕ್ಕೆ ಹೋಗಬೇಕು. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಡಿಎಂಸಿಎ ಕಾನೂನಿಗೆ ಸಹಿ ಹಾಕಿದರು. ಯಾರೋ ಅಪ್‌ಲೋಡ್ ಮಾಡಿದ್ದಕ್ಕೆ ನಾವ್ಯಾಕೆ ಕೋರ್ಟಿಗೆ ಅಲೆಯಬೇಕು ಅನ್ನೋದು ಇಂಟರ್ನೆಟ್ ಕಂಪನಿಗಳ ಅಳಲು. ನಮ್ಮ ಹಾಡು, ಸಿನಿಮಾ ಕದ್ದು ಹೋಗ್ತಿದೆ ಅನ್ನೋದು ಮನರಂಜನಾ ಕಂಪನಿಗಳ ಅಳಲು. ಕಾನೂನು ರಾಜಿ ಮಾಡಿಸಿತು: ದೂರು ಬಂದ ಕೂಡಲೇ ತೆಗೆದುಬಿಡಿ, ನಿಮ್ಮ ಮೇಲೆ ಹೊಣೆ ಇಲ್ಲ. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಹಾಗಾಗಿ ಮನೆಯಲ್ಲೇ ಕೂತು ವಿಡಿಯೋ ಮಾಡಿ ಬದುಕುವವರು ಆ ರಾಜಿಯ ಲೆಕ್ಕದಲ್ಲೇ ಇರಲಿಲ್ಲ.

ಈಗ ತಕ್ಕಡಿ ನೋಡಿ. ದೂರು ಕೊಡುವವನು ಪ್ರಮಾಣ ಮಾಡಿ ಹೇಳಬೇಕಾದ್ದು ಒಂದೇ ಮಾತು: ನಾನು ಹಕ್ಕುದಾರನ ಪರವಾಗಿ ಮಾತಾಡಲು ಅಧಿಕಾರ ಇರುವವನು ಅಂತ. ಇದು ನಿಜಕ್ಕೂ ಕದ್ದ ಮಾಲು ಅನ್ನೋದಕ್ಕೆ ಪ್ರಮಾಣ ಬೇಡ, ಪ್ರಾಮಾಣಿಕವಾಗಿ ಹಾಗೆ ನಂಬಿದ್ದೇನೆ ಅಂದರೆ ಸಾಕು. ಆದರೆ ಪ್ರತಿ-ನೋಟಿಸ್ ಕೊಡುವವನು ತೆಗೆದದ್ದು ತಪ್ಪು ಅಂತಲೇ ಪ್ರಮಾಣ ಮಾಡಬೇಕು. ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಅವು ದೂರು ಕೊಟ್ಟವನ ಕೈಗೇ ಹೋಗುತ್ತವೆ. ಆಮೇಲೂ ವಿಡಿಯೋ ವಾಪಸ್ ಬರಲು 10ರಿಂದ 14 ಕೆಲಸದ ದಿನ.

ಸುಳ್ಳು ದೂರಿಗೆ ಪರಿಹಾರ ಇಲ್ಲ ಅಂತಲ್ಲ. 512(ಎಫ್) ಅನ್ನೋ ಕಲಮು ಇದೆ: ಗೊತ್ತಿದ್ದೂ ಸುಳ್ಳು ಹೇಳಿದರೆ ನಷ್ಟ ತುಂಬಿಕೊಡಬೇಕು. ವೋಟಿಂಗ್ ಮೆಷಿನ್ ಮಾಡುತ್ತಿದ್ದ ಡೀಬೋಲ್ಡ್ ಕಂಪನಿ ತನ್ನ ಒಳಗಿನ ಈಮೇಲ್‌ಗಳನ್ನು ಹಾಕಿದ ವಿದ್ಯಾರ್ಥಿಗಳ ಬಾಯಿ ಮುಚ್ಚಿಸಲು ಇಂಥ ನೋಟಿಸ್ ಕಳಿಸಿತ್ತು. 2004ರಲ್ಲಿ ಕೋರ್ಟಿನಲ್ಲಿ ಸೋತು 1,25,000 ಡಾಲರ್ ಕೊಡಬೇಕಾಯ್ತು. ಆದರೆ ಎಲ್ಲರೂ ಹಾಗೆ ಸಿಕ್ಕಿಬೀಳಲ್ಲ. ತೊಡಕಿರೋದು "ಗೊತ್ತಿದ್ದೂ" ಅನ್ನೋ ಪದದಲ್ಲಿ. ನಾನು ಹಾಗೇ ನಂಬಿದ್ದೆ ಸ್ವಾಮಿ ಅಂದುಬಿಟ್ಟರೆ?

2007ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ತಾಯಿಯೊಬ್ಬಳು ತನ್ನ ಪುಟ್ಟ ಮಗು ಅಡುಗೆಮನೆಯಲ್ಲಿ ಕುಣಿಯೋ 29 ಸೆಕೆಂಡಿನ ವಿಡಿಯೋ ಹಾಕಿದಳು. ಹಿಂದುಗಡೆ ಪ್ರಿನ್ಸ್ ಹಾಡು ಮಸುಕಾಗಿ ಕೇಳಿಸುತ್ತಿತ್ತು. ಯೂನಿವರ್ಸಲ್ ಕಂಪನಿ ದೂರು ಕೊಟ್ಟು ಅದನ್ನು ತೆಗೆಸಿತು. ತಾಯಿ ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದಳು. ನೋಟಿಸ್ ಕಳಿಸುವ ಮೊದಲು ಇದು ನ್ಯಾಯಯುತ ಬಳಕೆಯೋ ಅಲ್ಲವೋ ಅಂತ ಯೋಚಿಸಲೇಬೇಕು ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಗೆಲುವು ಅನ್ನೋಣ ಅಂದ್ರೆ, ಅದೇ ತೀರ್ಪು ಇನ್ನೊಂದನ್ನೂ ಹೇಳಿತು: ಪ್ರಾಮಾಣಿಕ ನಂಬಿಕೆ ಇದ್ದರೆ ಸಾಕು, ಆ ನಂಬಿಕೆ ತಪ್ಪಾಗಿದ್ದರೂ ಹೊಣೆ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳಲಿಲ್ಲ. 2018ರಲ್ಲಿ ರಾಜಿಯಾಯ್ತು. ಅಷ್ಟೊತ್ತಿಗೆ ಕುಣಿಯುತ್ತಿದ್ದ ಮಗು ಬೆಳೆದು ದೊಡ್ಡದಾಗಿತ್ತು.

ಯೋಚಿಸದೇ ಕಳಿಸಿದ ನೋಟಿಸಿನ ಕಥೆ ಇದು. ಬೇಕಂತಲೇ ಕಳಿಸಿದ್ದರ ಕಥೆ 2019ರದ್ದು. ನೆಬ್ರಾಸ್ಕಾದ ಒಬ್ಬ ವ್ಯಕ್ತಿ ಮೈನ್‌ಕ್ರಾಫ್ಟ್ ವಿಡಿಯೋ ಮಾಡುವವರ ಮೇಲೆ ಸುಳ್ಳು ಸ್ಟ್ರೈಕ್ ಹಾಕಿ, ವಾಪಸ್ ತಗೋಬೇಕಾದ್ರೆ ದುಡ್ಡು ಕೊಡಿ ಅಂತ ಬೆದರಿಸಿದ ಎಂದು ಸ್ವತಃ ಯೂಟ್ಯೂಬೇ ದಾವೆ ಹೂಡಿತು. ಅವನು 25,000 ಡಾಲರ್ ಕೊಟ್ಟು ಕ್ಷಮೆ ಕೇಳಿದ. ಕಳ್ಳನನ್ನು ತಡೆಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದು. ಇಲ್ಲಿ ಕೋರ್ಟಿಗೆ ಹೋಗಲು ಗೂಗಲ್‌ನಷ್ಟು ದೊಡ್ಡ ಕುಳ ಇತ್ತು. ನಿಮ್ಮ ಹತ್ತಿರ ಯಾರಿದ್ದಾರೆ?

ಇದೆಲ್ಲ ಫಾರಂ ತುಂಬಿ ಕೊಡೋ ದೂರಿನ ಮಾತು. ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿಯಲ್ಲಿ ಮೆಷಿನ್ನೇ ಹೊಂದಾಣಿಕೆ ಹುಡುಕುತ್ತೆ. ಎಷ್ಟೋ ಸಲ ವಿಡಿಯೋ ಉಳಿಯುತ್ತೆ, ಜಾಹೀರಾತಿನ ದುಡ್ಡು ಮಾತ್ರ ಬೇರೆಯವರಿಗೆ. ಕಂಪನಿಯದೇ ವರದಿ ಪ್ರಕಾರ 2021ರ ಮೊದಲ ಆರು ತಿಂಗಳಲ್ಲಿ ಇಂಥ ಕ್ಲೇಮು 72 ಕೋಟಿಗೂ ಹೆಚ್ಚು. ತಕರಾರು ಎತ್ತಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಎತ್ತಿದವರಲ್ಲಿ ನೂರಕ್ಕೆ 60 ಮಂದಿ ಗೆದ್ದರು! ಮಿಕ್ಕವರೆಲ್ಲ ತಪ್ಪಿತಸ್ಥರಾಗಿದ್ದರಾ, ಹೆದರಿ ಸುಮ್ಮನಿದ್ದರಾ? ಅಂಕಿ ಅದನ್ನು ಹೇಳಲ್ಲ.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ದೂರು ಕೊಟ್ಟವನು 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಕಂಪನಿ ಅದನ್ನು ಮತ್ತೆ ಹಾಕಬಹುದು. ಆಧಾರ ಇಲ್ಲದೆ ಬೆದರಿಸಿದವನ ಮೇಲೆ 60ನೇ ಕಲಮಿನಡಿ ನಷ್ಟ ಕೇಳಬಹುದು. ಕಾಗದದ ಮೇಲೆ ಒಳ್ಳೆಯ ಅಸ್ತ್ರವೇ. ಆದರೆ ನಿತ್ಯ ನಡೆಯೋದು ಪ್ಲಾಟ್‌ಫಾರ್ಮಿನ ಸ್ವಂತ ನಿಯಮ. ಕೋರ್ಟು, ವಕೀಲರ ಫೀಸು ಅನ್ನೋ ಹೊತ್ತಿಗೆ ಆ ವಿಡಿಯೋ ನೋಡೋ ಕಾಲ ಮುಗಿದಿರುತ್ತೆ.

ಹಕ್ಕುದಾರರ ಹಕ್ಕು ಕಿತ್ತುಕೊಳ್ಳಿ ಅಂತ ಯಾರೂ ಹೇಳ್ತಿಲ್ಲ. ಕದ್ದ ಹಾಡಿನಿಂದ ಹೊಟ್ಟೆ ಸುಡೋದು ಸಂಗೀತಗಾರನಿಗೇ. ಕೇಳೋದು ಇಷ್ಟೇ: ಉತ್ತರ ಕೊಡುವವನಿಂದ ಬರೆಸಿಕೊಳ್ಳುವಷ್ಟೇ ಗಟ್ಟಿ ಪ್ರಮಾಣವನ್ನು ದೂರು ಕೊಡುವವನಿಂದಲೂ ಬರೆಸಿಕೊಳ್ಳಿ. ಸುಳ್ಳೆಂದು ಗೊತ್ತಾದರೆ ಸ್ಟ್ರೈಕ್ ಅವನಿಗೂ ಬೀಳಲಿ.